ಗ್ರಾಫ್ ಹಾಳೆಯಲ್ಲಿ ಬಿಂದು ಗುರುತಿಸುವುದು: ಮೊದಲು ಚತುರ್ಥಕ, ಆಮೇಲೆ ಪೆನ್ಸಿಲ್

ಮೊನ್ನೆ ಸಂಜೆ ಪಾಠಕ್ಕೆ ಬರುವ ಒಂಬತ್ತನೇ ತರಗತಿಯ ಹುಡುಗಿ ಗ್ರಾಫ್ ಹಾಳೆ ತಂದು ಮುಂದಿಟ್ಟಳು. ನಾಲ್ಕು ಬಿಂದು ಸೇರಿಸಿದರೆ ಆಯತ ಬರಬೇಕಿತ್ತು. ಬಂದಿದ್ದು ಹರಿದ ಗಾಳಿಪಟ. ಬಿಂದುಗಳು ಇವು: ಎ(4, 2), ಬಿ(-2, 2), ಸಿ(-2, -3), ಡಿ(4, -3). ಮೂರು ಸರಿಯಾಗಿಯೇ ಇದ್ದವು. ಬಿ ಮಾತ್ರ ಎಡಗಡೆ ಮೇಲೆ ಇರುವ ಬದಲು ಬಲಗಡೆ ಕೆಳಗೆ, (2, -2)ರಲ್ಲಿ ಹೋಗಿ ಕೂತಿತ್ತು. "ಸಾರ್, ಎರಡು ಸಲ ಎಣಿಸಿದೀನಿ" ಅಂದಳು. ಎಣಿಸಿದ್ದು ನಿಜ, ಎಣಿಕೆಯಲ್ಲಿ ತಪ್ಪೂ ಇರಲಿಲ್ಲ. ಬಿ ಯಾವ ಮೂಲೆಗೆ ಸೇರಿದ್ದು ಅಂತ ಚುಕ್ಕೆ ಇಡುವ ಮೊದಲು ಒಂದು ಸಲ ಯೋಚಿಸಿದ್ದರೆ ಸಾಕಾಗಿತ್ತು.

ಈ ಪಾಠದಲ್ಲಿ ನಾನು ನೋಡುವ ತಪ್ಪುಗಳಲ್ಲಿ ಮುಕ್ಕಾಲು ಪಾಲು ಇಂಥವೇ. ಗಣಿತ ಅರ್ಥವಾಗದ್ದಲ್ಲ, ಕೆಲಸದ ಕ್ರಮ ತಪ್ಪಿದ್ದು. ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮಕ್ಕಳಿಗೆ ಮನೆಯಲ್ಲಿ ಹೇಳಿಕೊಡುವ ಅಪ್ಪ ಅಮ್ಮಂದಿರಿಗೂ ಇದೇ ಸಾಕು.

ಏನೇನು ಬೇಕು

ಗ್ರಾಫ್ ಹಾಳೆ, ಚೂಪಾದ ಪೆನ್ಸಿಲ್, ಉದ್ದದ ಸ್ಕೇಲ್, ರಬ್ಬರ್, ಮೆಂಡರ್. ಪೆನ್ ಬೇಡವೇ ಬೇಡ. ಪೆನ್ಸಿಲ್ ಮೊನೆ ಮೊಂಡಾದರೆ ಚುಕ್ಕೆಯೇ ಎರಡು ಮಿಲಿಮೀಟರ್ ದಪ್ಪ ಬರುತ್ತದೆ. ಗ್ರಾಫ್ ಹಾಳೆಯ ಸಣ್ಣ ಗೆರೆಗಳ ನಡುವಿನ ಅಂತರ ಇರುವುದೇ ಒಂದು ಮಿಲಿಮೀಟರ್. ಲೆಕ್ಕ ಹಾಕಿ ನೋಡಿ.

ಹಾಳೆಯನ್ನು ಒಮ್ಮೆ ಸರಿಯಾಗಿ ಗಮನಿಸಿ. ದಪ್ಪ ಗೆರೆಯ ದೊಡ್ಡ ಚೌಕದ ಒಂದು ಬದಿ 1 ಸೆಂ.ಮೀ. ಅದರೊಳಗೆ ಪ್ರತಿ ಬದಿಗೆ ಹತ್ತು ಸಣ್ಣ ಭಾಗ. ಅಡ್ಡಕ್ಕೆ ಎಷ್ಟು ದೊಡ್ಡ ಚೌಕ, ಉದ್ದಕ್ಕೆ ಎಷ್ಟು ಅಂತ ಎಣಿಸಿ ಹಾಳೆಯ ಮೂಲೆಯಲ್ಲಿ ಬರೆದಿಟ್ಟುಕೊಳ್ಳಿ. ಎರಡನೇ ಹಂತದಲ್ಲಿ ಬೇಕಾಗುತ್ತದೆ.

1. ಬಿಂದುಗಳನ್ನೆಲ್ಲ ಓದಿ, ಪಕ್ಕದಲ್ಲೇ ಚತುರ್ಥಕ ಬರೆದುಕೊಳ್ಳಿ

ಇದನ್ನು ಶಾಲೆಯಲ್ಲಿ ಸಾಮಾನ್ಯವಾಗಿ ಕೊನೆಗೆ ಮಾಡಿಸುತ್ತಾರೆ. ನಾನು ಮೊದಲು ಮಾಡಿಸುತ್ತೇನೆ.

ಅಡ್ಡ ಗೆರೆ ಎಕ್ಸ್ ಅಕ್ಷ, ಲಂಬ ಗೆರೆ ವೈ ಅಕ್ಷ, ಎರಡೂ ಸೇರುವ ಜಾಗ ಮೂಲಬಿಂದು. ಈ ಎರಡು ಗೆರೆಗಳು ಹಾಳೆಯನ್ನು ನಾಲ್ಕು ತುಂಡು ಮಾಡುತ್ತವೆ. ಒಂದೊಂದು ತುಂಡೂ ಒಂದು ಚತುರ್ಥಕ. ಯಾವ ಬಿಂದು ಎಲ್ಲಿ ಅನ್ನುವುದನ್ನು ಆವರಣದೊಳಗಿನ ಎರಡು ಸಂಖ್ಯೆಗಳ ಚಿಹ್ನೆ ನೋಡಿಯೇ ಹೇಳಬಹುದು, ಗ್ರಾಫ್ ಹಾಳೆಯೇ ಬೇಕಾಗಿಲ್ಲ.

ಎರಡೂ ಪ್ಲಸ್ ಇದ್ದರೆ ಬಲ ಮೇಲ್ಭಾಗ: ಒಂದನೇ ಚತುರ್ಥಕ.
ಮೊದಲನೆಯದು ಮೈನಸ್, ಎರಡನೆಯದು ಪ್ಲಸ್ ಇದ್ದರೆ ಎಡ ಮೇಲ್ಭಾಗ: ಎರಡನೆಯದು.
ಎರಡೂ ಮೈನಸ್ ಇದ್ದರೆ ಎಡ ಕೆಳಭಾಗ: ಮೂರನೆಯದು.
ಮೊದಲನೆಯದು ಪ್ಲಸ್, ಎರಡನೆಯದು ಮೈನಸ್ ಇದ್ದರೆ ಬಲ ಕೆಳಭಾಗ: ನಾಲ್ಕನೆಯದು.

ಎಣಿಕೆ ಯಾವ ಕಡೆಯಿಂದ ಹೋಗುತ್ತದೆ ಅನ್ನುವುದು ಸುಮಾರು ಮಕ್ಕಳಿಗೆ ಗೊಂದಲ. ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕುತ್ತೇವಲ್ಲ, ಅದರ ಉಲ್ಟಾ. ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ. ಬಲ ಮೇಲಿನಿಂದ ಶುರು, ಎಡ ಮೇಲೆ, ಎಡ ಕೆಳಗೆ, ಬಲ ಕೆಳಗೆ. ಗಣಿತದಲ್ಲಿ ಕೋನವನ್ನು ಬಲಗಡೆಯ ಎಕ್ಸ್ ಅಕ್ಷದಿಂದ ಶುರುಮಾಡಿ ಅಪ್ರದಕ್ಷಿಣವಾಗಿ ಅಳೆಯುತ್ತಾರೆ, ಚತುರ್ಥಕಗಳ ಎಣಿಕೆಯೂ ಅದೇ ದಿಕ್ಕಿಗೆ ಹೋಗುತ್ತದೆ. ಮುಂದೆ ತ್ರಿಕೋನಮಿತಿಯಲ್ಲಿ ಇದೇ ಕ್ರಮ ಮತ್ತೆ ಬರುತ್ತದೆ, ಆದ್ದರಿಂದ ಈಗಲೇ ಸರಿಯಾಗಿ ಕೂರಲಿ.

ಉದಾಹರಣೆಗೆ ಈ ಏಳು ಬಿಂದು ತಗೊಳ್ಳಿ. ಕೊನೆಯವರೆಗೂ ಇವನ್ನೇ ಬಳಸೋಣ:

ಎ(4, 3) ಒಂದನೆಯದು
ಬಿ(-3, 5) ಎರಡನೆಯದು
ಸಿ(-5, -2) ಮೂರನೆಯದು
ಡಿ(2, -6) ನಾಲ್ಕನೆಯದು
ಇ(0, 4) ಅಕ್ಷದ ಮೇಲೆ
ಎಫ್(-3, 0) ಅಕ್ಷದ ಮೇಲೆ
ಜಿ(2.5, -1.5) ನಾಲ್ಕನೆಯದು

ಹೀಗೆ ಒಂದು ಚೀಟಿಯಲ್ಲಿ ಬರೆದು ಹಾಳೆಯ ಪಕ್ಕದಲ್ಲಿಟ್ಟರೆ, ಆಮೇಲೆ ಚುಕ್ಕೆ ಇಟ್ಟ ಜಾಗಕ್ಕೂ ಇದಕ್ಕೂ ತಾಳೆಯಾಗದಿದ್ದರೆ ಅಲ್ಲೇ ನಿಲ್ಲಬಹುದು.

2. ಪ್ರಮಾಣ ಆರಿಸಿ

ಏಳು ಬಿಂದುಗಳಲ್ಲಿ ಎಕ್ಸ್ ಬೆಲೆ -5ರಿಂದ 4ರವರೆಗೆ ಇದೆ. ವೈ ಬೆಲೆ -6ರಿಂದ 5ರವರೆಗೆ. ಅಂದರೆ ಅಡ್ಡಕ್ಕೆ 9 ಮೂಲಮಾನ, ಉದ್ದಕ್ಕೆ 11. ಒಂದು ದೊಡ್ಡ ಚೌಕಕ್ಕೆ 1 ಮೂಲಮಾನ ಇಟ್ಟುಕೊಂಡರೆ ಆರಾಮಾಗಿ ಹಿಡಿಸುತ್ತದೆ. ಹಾಳೆಯ ಬಲ ಮೇಲ್ಭಾಗದಲ್ಲಿ ಬರೆಯಿರಿ: ಪ್ರಮಾಣ, ಎಕ್ಸ್ ಅಕ್ಷ 1 ಸೆಂ.ಮೀ. = 1 ಮೂಲಮಾನ, ವೈ ಅಕ್ಷ 1 ಸೆಂ.ಮೀ. = 1 ಮೂಲಮಾನ. ಇದನ್ನು ಮರೆತು ಅಂಕ ಕಳೆದುಕೊಳ್ಳುವವರು ಜಾಸ್ತಿ.

ಸಂಖ್ಯೆ ದೊಡ್ಡದಿದ್ದರೆ? (40, -15), (-25, 30) ಅಂತ ಕೊಟ್ಟಿದ್ದಾರೆ ಅಂದುಕೊಳ್ಳಿ. 1 ಸೆಂ.ಮೀ.ಗೆ 5 ಮೂಲಮಾನ ಇಡಿ. 40 ಅಂದರೆ 8 ಸೆಂ.ಮೀ. ಬಲಕ್ಕೆ, -15 ಅಂದರೆ 3 ಸೆಂ.ಮೀ. ಕೆಳಕ್ಕೆ. ಆಗ ಒಂದು ಸಣ್ಣ ಭಾಗದ ಬೆಲೆ 0.5 ಆಗುತ್ತದೆ. 32 ಎಲ್ಲಿ? ಆರು ದೊಡ್ಡ ಚೌಕ ದಾಟಿದರೆ 30, ಅಲ್ಲಿಂದ ನಾಲ್ಕು ಸಣ್ಣ ಗೆರೆ.

1 ಸೆಂ.ಮೀ.ಗೆ 3 ಅಥವಾ 7 ಅಂತ ಮಾತ್ರ ಇಡಬೇಡಿ. ಒಂದು ಸಣ್ಣ ಭಾಗಕ್ಕೆ 0.3, 0.7 ಬಂದು ತಲೆಕೆಡುತ್ತದೆ. 1, 2, 5, 10 ಇವುಗಳಲ್ಲೇ ಇರಿ.

ಎರಡು ಅಕ್ಷಗಳಿಗೆ ಬೇರೆ ಬೇರೆ ಪ್ರಮಾಣ ಇಡಬಹುದು, ತಪ್ಪಲ್ಲ. ಆದರೆ ಆಕೃತಿ ಎಳೆಯುವ ಲೆಕ್ಕದಲ್ಲಿ ಹಾಗೆ ಮಾಡಿದರೆ ಚೌಕ ಹೋಗಿ ಆಯತ ಕಾಣುತ್ತದೆ. ಒಂದೇ ಅಕ್ಷದ ಮೇಲೆ ಮಧ್ಯದಲ್ಲಿ ಪ್ರಮಾಣ ಬದಲಿಸುವುದು ಮಾತ್ರ ಶುದ್ಧ ತಪ್ಪು. 1, 2, 3, 4 ಅಂತ ಬರೆದು, ಜಾಗ ಸಾಲದೆ ಮುಂದಿನ ಗೆರೆಗೆ 10 ಅಂತ ಬರೆದವರನ್ನು ನೋಡಿದ್ದೇನೆ.

3. ಅಕ್ಷಗಳನ್ನು ಎಳೆಯಿರಿ

ಮೂಲಬಿಂದು ಯಾವಾಗಲೂ ಹಾಳೆಯ ನಟ್ಟನಡುವೆಯೇ ಇರಬೇಕು ಅಂತೇನಿಲ್ಲ. ಎಲ್ಲ ಬೆಲೆಗಳೂ ಪ್ಲಸ್ ಆಗಿದ್ದರೆ ಎಡ ಕೆಳ ಮೂಲೆಯ ಹತ್ತಿರ ಇಡಿ, ಜಾಗ ಉಳಿಯುತ್ತದೆ. ನಮ್ಮ ಏಳು ಬಿಂದುಗಳು ನಾಲ್ಕೂ ಕಡೆ ಹರಡಿವೆ, ಆದ್ದರಿಂದ ನಡುವೆಯೇ ಸರಿ.

ದಪ್ಪ ಗೆರೆಯ ಮೇಲೆಯೇ ಅಕ್ಷ ಬರಲಿ. ಸಣ್ಣ ಗೆರೆಯ ಮೇಲೆ ಎಳೆದರೆ ಆಮೇಲೆ ಪ್ರತಿ ಎಣಿಕೆಯೂ ದೊಡ್ಡ ಚೌಕದ ಮಧ್ಯದಲ್ಲಿ ಬಂದು ಕಣ್ಣು ತಪ್ಪುತ್ತದೆ. ತುದಿಗಳಿಗೆ ಬಾಣದ ಗುರುತು ಹಾಕಿ, ಹೆಸರು ಬರೆಯಿರಿ, ಎರಡೂ ಸೇರುವಲ್ಲಿ 0 ಬರೆಯಿರಿ.

4. ಅಂಕಿಗಳನ್ನು ಬರೆಯಿರಿ

ಇಲ್ಲಿ ಸ್ವಲ್ಪ ನಿಧಾನ ಮಾಡಿ. ಅರ್ಧದಷ್ಟು ತಪ್ಪು ಹುಟ್ಟುವುದೇ ಈ ಹಂತದಲ್ಲಿ.

ಅಂಕಿ ಬರೆಯುವುದು ಗೆರೆಗೆ, ಚೌಕಕ್ಕಲ್ಲ. ಕ್ಯಾಲೆಂಡರಿನಲ್ಲಿ ತಾರೀಕು ಮನೆಯೊಳಗೆ ಇರುತ್ತದೆ, ಆ ಅಭ್ಯಾಸಕ್ಕೆ ಮಕ್ಕಳು ಇಲ್ಲೂ ಎರಡು ಗೆರೆಗಳ ನಡುವಿನ ಜಾಗಕ್ಕೆ 1, 2, 3 ಅಂತ ಬರೆದುಬಿಡುತ್ತಾರೆ. ಆಮೇಲೆ ಚುಕ್ಕೆಯನ್ನೂ ಚೌಕದ ಹೊಟ್ಟೆಯೊಳಗೆ ಇಡುತ್ತಾರೆ. ಬಿಂದು ಯಾವಾಗಲೂ ಎರಡು ಗೆರೆಗಳು ಕೂಡುವ ಜಾಗದಲ್ಲಿ ಬರಬೇಕು.

ಇನ್ನೊಂದು ತಪ್ಪು ಮೂಲಬಿಂದುವನ್ನೇ 1 ಅಂತ ಎಣಿಸುವುದು. ಚೌಕಾಬಾರ ಆಡುವಾಗ ಕಾಯಿ ಕೂತಿರುವ ಮನೆಯನ್ನು ಎಣಿಸುತ್ತೇವಾ? ಇಲ್ಲ, ಮುಂದಿನ ಮನೆಯಿಂದ ಒಂದು. ಇಲ್ಲೂ ಹಾಗೆಯೇ. ನಿಂತ ಜಾಗ ಸೊನ್ನೆ, ಮುಂದಿನ ದಪ್ಪ ಗೆರೆ ಒಂದು.

ಮೈನಸ್ ಸಂಖ್ಯೆಗಳು ಮೂಲಬಿಂದುವಿನ ಪಕ್ಕದಿಂದಲೇ ಶುರುವಾಗಬೇಕು: ಎಡಕ್ಕೆ -1, -2, -3 ಹೀಗೆ. ಕೆಲವರು ಎಡ ತುದಿಯಿಂದ ಬರೆಯಲು ಶುರುಮಾಡಿ -1, -2, -3, -4, -5 ಅಂತ ಮೂಲಬಿಂದುವಿನ ಕಡೆಗೆ ಬರುತ್ತಾರೆ. ಬರೆಯುವ ಕೈ ಎಡದಿಂದ ಬಲಕ್ಕೆ ಓಡುವುದರಿಂದ ಆಗುವ ಎಡವಟ್ಟು ಇದು. ಮೂಲಬಿಂದುವಿನಿಂದ ಹೊರಕ್ಕೆ ಬರೆಯುವುದನ್ನೇ ರೂಢಿ ಮಾಡಿಕೊಳ್ಳಿ, ನಾಲ್ಕೂ ದಿಕ್ಕಿಗೂ.

5. ಬಿಂದು ಹಾಕಿ: ಮೊದಲು ಅಡ್ಡ ನಡಿಗೆ, ಆಮೇಲೆ ಲಿಫ್ಟ್

(4, 3)ರಲ್ಲಿ ಮೊದಲ ಸಂಖ್ಯೆ ಎಕ್ಸ್ ನಿರ್ದೇಶಾಂಕ, ಎರಡನೆಯದು ವೈ ನಿರ್ದೇಶಾಂಕ. ಈ ಕ್ರಮ ಅದಲುಬದಲಾದರೆ ಜಾಗವೇ ಬೇರೆ. ಬೆಂಗಳೂರಿನಲ್ಲಿ ವಿಳಾಸ ಹುಡುಕಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ: 3ನೇ ಮೇನ್ 5ನೇ ಕ್ರಾಸ್‌ಗೆ ಹೋಗಬೇಕಾದವರು 5ನೇ ಮೇನ್ 3ನೇ ಕ್ರಾಸ್‌ನಲ್ಲಿ ನಿಂತು ಫೋನ್ ಮಾಡಿದರೆ ಏನಾಗುತ್ತದೆ ಅಂತ ಗೊತ್ತೇ ಇದೆ.

ಬಹುಮಹಡಿ ಕಟ್ಟಡ ನೆನಪಿಸಿಕೊಳ್ಳಿ. ಬಾಗಿಲು ಮೂಲಬಿಂದು. ಮೊದಲು ನೆಲದ ಮೇಲೆ ನಡೆದು ಲಿಫ್ಟ್ ಹತ್ತಿರ ಹೋಗುತ್ತೀರಿ, ಆಮೇಲೆ ಲಿಫ್ಟ್ ಹತ್ತುತ್ತೀರಿ. ಲಿಫ್ಟ್ ಮೇಲೂ ಹೋಗುತ್ತದೆ, ಕೆಳಗಿನ ಬೇಸ್‌ಮೆಂಟಿಗೂ ಇಳಿಯುತ್ತದೆ.

ಈಗ ಬಿ(-3, 5) ಹಾಕೋಣ. ಪೆನ್ಸಿಲ್ ಮೊನೆ ಮೂಲಬಿಂದುವಿನ ಮೇಲಿಡಿ. -3, ಅಂದರೆ ಎಡಕ್ಕೆ ಮೂರು ದಪ್ಪ ಗೆರೆ. ಅಲ್ಲಿ ನಿಲ್ಲಿ, ಆದರೆ ಚುಕ್ಕೆ ಇಡಬೇಡಿ. 5, ಅಂದರೆ ಅಲ್ಲಿಂದಲೇ ನೇರ ಮೇಲಕ್ಕೆ ಐದು ಗೆರೆ. ಈಗ ಚುಕ್ಕೆ. ಸುತ್ತ ಸಣ್ಣ ವೃತ್ತ ಹಾಕಿ, ಪಕ್ಕದಲ್ಲಿ ಬಿ(-3, 5) ಅಂತ ಬರೆಯಿರಿ. ಚೀಟಿ ನೋಡಿ: ಎರಡನೇ ಚತುರ್ಥಕ ಅಂತ ಬರೆದಿದ್ದೀರಿ, ಚುಕ್ಕೆ ಎಡ ಮೇಲ್ಭಾಗದಲ್ಲಿದೆ. ಸರಿ ಹೋಯಿತು.

ತುಂಬಾ ಜನ ಏನು ಮಾಡುತ್ತಾರೆಂದರೆ, ಎಕ್ಸ್ ಅಕ್ಷದ ಮೇಲೆ -3ಕ್ಕೆ ಒಂದು ಚುಕ್ಕೆ, ವೈ ಅಕ್ಷದ ಮೇಲೆ 5ಕ್ಕೆ ಇನ್ನೊಂದು ಚುಕ್ಕೆ ಇಟ್ಟು, ಎರಡನ್ನೂ ಓರೆಯಾಗಿ ಸೇರಿಸಿ "ಇದೇ ಬಿಂದು" ಅನ್ನುತ್ತಾರೆ. ಒಂದು ಜೋಡಿ ಸಂಖ್ಯೆಗೆ ಒಂದೇ ಚುಕ್ಕೆ. ಎರಡು ಚುಕ್ಕೆ ಕಂಡರೆ ಎಲ್ಲೋ ಎಡವಿದ್ದೀರಿ ಅಂತ ಅರ್ಥ.

6. ಸೊನ್ನೆ ಇರುವ ಬಿಂದುಗಳು

ಇ(0, 4). ಎಡಬಲ ನಡೆಯುವುದೇ ಇಲ್ಲ, ನಿಂತಲ್ಲಿಂದಲೇ ನಾಲ್ಕು ಮೇಲಕ್ಕೆ. ಬಿಂದು ವೈ ಅಕ್ಷದ ಮೇಲೆ ಬಂತು. ಎಫ್(-3, 0)ಕ್ಕೆ ಎಡಕ್ಕೆ ಮೂರು ನಡೆದು ಸುಮ್ನೆ ನಿಂತುಬಿಡಿ. ಅದು ಎಕ್ಸ್ ಅಕ್ಷದ ಮೇಲೆ.

ಗೊಂದಲ ಎಲ್ಲಿ ಅಂದರೆ, (0, 4)ರಲ್ಲಿ "ಎಕ್ಸ್ ಸೊನ್ನೆ" ಅಂತ ಓದಿದ ತಕ್ಷಣ ಕೈ ಎಕ್ಸ್ ಅಕ್ಷಕ್ಕೆ ಹೋಗುತ್ತದೆ. ಎಕ್ಸ್ ಸೊನ್ನೆ ಅಂದರೆ ಎಕ್ಸ್ ದಿಕ್ಕಿನಲ್ಲಿ ಹೆಜ್ಜೆಯೇ ಇಟ್ಟಿಲ್ಲ, ಹಾಗಾಗಿ ವೈ ಅಕ್ಷದ ಮೇಲೆಯೇ ಉಳಿದಿದ್ದೀರಿ.

ಅಕ್ಷದ ಮೇಲಿರುವ ಬಿಂದು ಯಾವ ಚತುರ್ಥಕಕ್ಕೂ ಸೇರುವುದಿಲ್ಲ. ಎರಡು ಹೊಲಗಳ ನಡುವಿನ ಬದು ಇದ್ದ ಹಾಗೆ. ಮೂಲಬಿಂದು (0, 0) ಕೂಡ ಯಾವುದಕ್ಕೂ ಸೇರಿಲ್ಲ. "ಒಂದನೇ ಚತುರ್ಥಕದಲ್ಲಿ ಶುರುವಾಗುತ್ತಲ್ಲ ಸಾರ್" ಅನ್ನುವವರಿಗೆ ನನ್ನ ಉತ್ತರ: ಅಲ್ಲಿ ಶುರುವಾದರೆ ಉಳಿದ ಮೂರರಲ್ಲೂ ಶುರುವಾಗುತ್ತದೆ, ಅಲ್ವಾ?

7. ದಶಮಾಂಶ ಇದ್ದರೆ

ಜಿ(2.5, -1.5) ನೋಡಿ. ನಮ್ಮ ಪ್ರಮಾಣದಲ್ಲಿ ಒಂದು ಸಣ್ಣ ಭಾಗ 0.1. ಬಲಕ್ಕೆ ಎರಡು ದೊಡ್ಡ ಚೌಕ, ಐದು ಸಣ್ಣ ಭಾಗ. ಅಲ್ಲಿಂದ ಕೆಳಕ್ಕೆ ಒಂದು ದೊಡ್ಡ ಚೌಕ, ಐದು ಸಣ್ಣ ಭಾಗ.

-1.5 ಅನ್ನುವುದು -1 ಮತ್ತು -2ರ ನಡುವೆ ಇದೆ. -1ಕ್ಕೆ ಇಳಿದು, ಅಲ್ಲಿಂದ ಐದು ಸಣ್ಣ ಗೆರೆ ಮತ್ತೆ ಮೇಲಕ್ಕೆ ಹತ್ತಿದರೆ -0.5ಕ್ಕೆ ಹೋಗುತ್ತೀರಿ. ಈ ತಪ್ಪು ಹಿಡಿಯುವುದು ಕಷ್ಟ, ಯಾಕೆಂದರೆ ಚತುರ್ಥಕ ಅದೇ ಇರುತ್ತದೆ. ಮೈನಸ್ ಕಡೆಗೆ ಹೊರಟ ಮೇಲೆ ಪೂರ್ತಿ ಅದೇ ದಿಕ್ಕಿಗೆ ಹೋಗಬೇಕು, ನಡುವೆ ತಿರುಗಬಾರದು. ಭಿನ್ನರಾಶಿ ಕೊಟ್ಟರೆ ಮೊದಲು ದಶಮಾಂಶಕ್ಕೆ ತಂದುಕೊಳ್ಳಿ.

8. ಹಾಕಿದ ಮೇಲೆ ಪರೀಕ್ಷಿಸಿ

ಮೊದಲ ಪರೀಕ್ಷೆ ಚೀಟಿಯದ್ದು, ಮೇಲೆ ಹೇಳಿದ್ದೇ. ಆದರೆ ಅದಕ್ಕೊಂದು ಮಿತಿ ಇದೆ. (-3, 5)ನ್ನು ತಿರುಗಿಸಿ (5, -3) ಅಂತ ಹಾಕಿದರೆ ಬಿಂದು ಎರಡರಿಂದ ನಾಲ್ಕನೇ ಚತುರ್ಥಕಕ್ಕೆ ಹಾರುತ್ತದೆ, ಸಿಕ್ಕಿಬೀಳುತ್ತದೆ. ಆದರೆ (4, 3)ನ್ನು (3, 4) ಅಂತ ಹಾಕಿದರೆ? ಎರಡೂ ಒಂದನೇ ಚತುರ್ಥಕವೇ. ಮೂರನೆಯದರಲ್ಲೂ ಹೀಗೆಯೇ. ಅಂದರೆ ಒಂದು ಮತ್ತು ಮೂರರಲ್ಲಿ ಅದಲುಬದಲಾದ ತಪ್ಪನ್ನು ಚತುರ್ಥಕ ನೋಡಿ ಹಿಡಿಯಲಾಗುವುದಿಲ್ಲ.

ಅದಕ್ಕೆ ಎರಡನೇ ಪರೀಕ್ಷೆ. ಇಟ್ಟ ಚುಕ್ಕೆಯಿಂದ ಹಿಂದಕ್ಕೆ ಓದಿ. ಸ್ಕೇಲನ್ನು ಲಂಬವಾಗಿಟ್ಟು ಚುಕ್ಕೆಯಿಂದ ಎಕ್ಸ್ ಅಕ್ಷಕ್ಕೆ ಇಳಿಯಿರಿ, ಅಲ್ಲಿರುವ ಅಂಕಿ ಎಕ್ಸ್. ಸ್ಕೇಲನ್ನು ಅಡ್ಡ ಇಟ್ಟು ವೈ ಅಕ್ಷಕ್ಕೆ ಸರಿಯಿರಿ, ಅಲ್ಲಿರುವುದು ವೈ. ಪ್ರಶ್ನೆಪತ್ರಿಕೆ ಮುಚ್ಚಿಟ್ಟು ಓದಿ, ಬರೆದುಕೊಂಡು, ಆಮೇಲೆ ಹೋಲಿಸಿ. ತೆರೆದಿಟ್ಟು ಓದಿದರೆ ಕಣ್ಣು ತನಗೆ ಬೇಕಾದ್ದನ್ನೇ ಓದುತ್ತದೆ.

ಇಲ್ಲೇ ಒಂದು ಅಂಕದ ಪ್ರಶ್ನೆ ಅಡಗಿದೆ. "(-3, 5) ಬಿಂದುವಿಗೆ ಎಕ್ಸ್ ಅಕ್ಷದಿಂದ ಇರುವ ದೂರ ಎಷ್ಟು?" ಎಕ್ಸ್ ಅಂತ ಕಂಡದ್ದೇ ತಡ, ಸುಮಾರು ಜನ 3 ಅಂತ ಬರೆಯುತ್ತಾರೆ, ಕೆಲವರು -3 ಅಂತಲೂ ಬರೆಯುತ್ತಾರೆ. ಸರಿ ಉತ್ತರ 5. ಎಕ್ಸ್ ಅಕ್ಷ ನೆಲ, ನೆಲದಿಂದ ಎಷ್ಟು ಎತ್ತರ ಅನ್ನುವುದು ವೈ ಬೆಲೆ. ಮತ್ತೆ ದೂರ ಯಾವತ್ತೂ ಮೈನಸ್ ಆಗುವುದಿಲ್ಲ.

9. ಸಮೀಕರಣದ ಗ್ರಾಫ್‌ಗೆ ಇದನ್ನೇ ಬಳಸಿ

ಹತ್ತನೇ ತರಗತಿಗೆ ಬಂದಾಗ ಬಿಂದುಗಳನ್ನು ಅವರು ಕೊಡುವುದಿಲ್ಲ, ನೀವೇ ಹುಡುಕಬೇಕು. ಎಕ್ಸ್ + ವೈ = 5 ಮತ್ತು 2ಎಕ್ಸ್ - ವೈ = 4, ಇವನ್ನು ಗ್ರಾಫ್ ಮೂಲಕ ಬಿಡಿಸಿ ಅಂತ ಇದೆ ಅಂದುಕೊಳ್ಳಿ.

ಮೊದಲನೆಯದಕ್ಕೆ (0, 5), (5, 0), (3, 2). ಎರಡನೆಯದಕ್ಕೆ (0, -4), (2, 0), (3, 2). ಎರಡು ಗೆರೆಗಳು (3, 2)ರಲ್ಲಿ ಕತ್ತರಿಸುತ್ತವೆ, ಅದೇ ಉತ್ತರ.

ಎರಡನೆಯದರಲ್ಲಿ ಎಕ್ಸ್‌ಗೆ 0 ಹಾಕಿದಾಗ -ವೈ = 4 ಬರುತ್ತದೆ. ಅವಸರದಲ್ಲಿ ಆ ಮೈನಸ್ ಮರೆತು (0, 4) ಅಂತ ಬರೆದರೆ? ಮೂರು ಬಿಂದು ಹಾಕಿದ್ದರೆ ಅವು ಒಂದೇ ಗೆರೆಯಲ್ಲಿ ಬರುವುದಿಲ್ಲ, ಮಡಚಿದ ಮೊಣಕೈ ಥರ (2, 0)ರಲ್ಲಿ ಬಾಗುತ್ತವೆ. ತಪ್ಪು ಕಣ್ಣಿಗೆ ಹೊಡೆಯುತ್ತದೆ. ಎರಡೇ ಬಿಂದು, (0, 4) ಮತ್ತು (2, 0) ಮಾತ್ರ ಹಾಕಿದ್ದರೆ ಗೆರೆ ಲಕ್ಷಣವಾಗಿ ನೇರ ಬರುತ್ತದೆ, ಇನ್ನೊಂದು ಗೆರೆಯನ್ನು (-1, 6)ರಲ್ಲಿ ಕತ್ತರಿಸುತ್ತದೆ, ಗ್ರಾಫ್ ನೋಡುವುದಕ್ಕೂ ಚೆನ್ನಾಗಿರುತ್ತದೆ, ಉತ್ತರ ಮಾತ್ರ ತಪ್ಪು. ಎರಡು ಬಿಂದುಗಳನ್ನು ಸೇರಿಸಿದರೆ ಯಾವಾಗಲೂ ನೇರ ಗೆರೆಯೇ ಬರುವುದು, ಅದು ಏನನ್ನೂ ಸಾಬೀತು ಮಾಡುವುದಿಲ್ಲ. ಮೂರನೇ ಬಿಂದು ಸಾಕ್ಷಿ ಇದ್ದ ಹಾಗೆ. ಬಿಡಬೇಡಿ.

ಕೆಟ್ಟಿದೆ ಅಂತ ತಿಳಿಯುವುದು ಹೇಗೆ

ಗೆರೆ ಬರಬೇಕಾದಲ್ಲಿ ಮೊಣಕೈ ಬಂದರೆ ಯಾವುದೋ ಒಂದು ಚಿಹ್ನೆ ತಪ್ಪಿದೆ. ಆಕೃತಿ ಸರಿಯಾಗಿದ್ದೂ ನಿಂತಿರಬೇಕಾದ್ದು ಮಲಗಿದ್ದರೆ, ಎಲ್ಲ ಬಿಂದುಗಳಲ್ಲೂ ಎಕ್ಸ್ ಮತ್ತು ವೈ ಅದಲುಬದಲಾಗಿವೆ. ಪೂರ್ತಿ ಆಕೃತಿ ಒಂದು ಚೌಕದಷ್ಟು ಮೂಲಬಿಂದುವಿನ ಕಡೆಗೆ ಸರಿದಿದ್ದರೆ ಸೊನ್ನೆಯನ್ನು ಒಂದು ಅಂತ ಎಣಿಸಿದ್ದೀರಿ. ಒಂದೇ ಬಿಂದು ಹಾಳೆಯ ಹೊರಗೆ ಹೋಗುತ್ತಿದ್ದರೆ ಪ್ರಮಾಣ ಬದಲಿಸಿ, ಅದೊಂದಕ್ಕೆ ಮಾತ್ರ ಅಡ್ಜಸ್ಟ್ ಮಾಡಬೇಡಿ.

ಫೋನ್ ಅಥವಾ ಕಂಪ್ಯೂಟರ್ ಇದ್ದರೆ ಜಿಯೋಜೀಬ್ರಾ ಅನ್ನುವ ಗಣಿತದ ಆ್ಯಪ್‌ನಲ್ಲಿ ಬಿಂದುವನ್ನು ಟೈಪ್ ಮಾಡಿ ನಿಮ್ಮ ಹಾಳೆಯ ಜೊತೆ ಹೋಲಿಸಬಹುದು. ಉಚಿತ. ಆದರೆ ನೀವು ಹಾಳೆಯಲ್ಲಿ ಹಾಕಿದ ಮೇಲೆ ನೋಡಿ, ಮೊದಲೇ ಅಲ್ಲ. ಹಾಗೆಯೇ ಫೋನಿನ ಮ್ಯಾಪ್ ನೋಡಿ ಕಲಿಯಲು ಹೋಗಬೇಡಿ. ಬೆಂಗಳೂರಿಗೆ ಅದು 12.97, 77.59 ಅಂತ ತೋರಿಸುತ್ತದೆ. ಅಲ್ಲಿ ಮೊದಲು ಬರುವುದು ಅಕ್ಷಾಂಶ, ಅಂದರೆ ಉತ್ತರ ದಕ್ಷಿಣದ ಲೆಕ್ಕ. ನಮ್ಮ ಭಾಷೆಯಲ್ಲಿ ವೈ ಮೊದಲು, ಎಕ್ಸ್ ಆಮೇಲೆ. ಗ್ರಾಫ್ ಹಾಳೆಗೆ ಪೂರ್ತಿ ಉಲ್ಟಾ.

ಕೊನೆಗೊಂದು ಲೆಕ್ಕ, ನನ್ನ ಹತ್ತಿರ ಬರುವ ಎಲ್ಲರಿಗೂ ಕೊಡುತ್ತೇನೆ. (4, 0), (0, 4), (-4, 0), (0, -4) ಹಾಕಿ, ಕ್ರಮವಾಗಿ ಸೇರಿಸಿ, ಯಾವ ಆಕೃತಿ ಅಂತ ಹೇಳಿ. ಆಮೇಲೆ ಒಂದೊಂದು ಬಿಂದುವೂ ಯಾವ ಚತುರ್ಥಕದಲ್ಲಿದೆ ಅಂತ ಬರೆಯಿರಿ. ಮೂಲೆಯ ಮೇಲೆ ನಿಂತ ಚೌಕ ಎಲ್ಲರಿಗೂ ಬರುತ್ತದೆ. ಎರಡನೇ ಪ್ರಶ್ನೆಗೆ "ಒಂದು, ಎರಡು, ಮೂರು, ನಾಲ್ಕು" ಅಂತ ಬರೆದಿದ್ದರೆ ಆರನೇ ಹಂತಕ್ಕೆ ವಾಪಸ್ ಹೋಗಿ.